ಬಸ್ ಚಾಲಕನ ಪಗಡಿ: ಬ್ರಿಟನ್ನಿನಲ್ಲಿ ಒಂದು ನಿಯಮ ಬದಲಾದ ಬಗೆ

1967ರ ಮಾತು. ಇಂಗ್ಲೆಂಡಿನ ವೂಲ್ವರ್‌ಹ್ಯಾಂಪ್ಟನ್ ಊರಲ್ಲಿ ತರ್ಸೇಮ್ ಸಿಂಗ್ ಸಂಧು ಎಂಬ ಬಸ್ ಚಾಲಕ ಹುಷಾರಿಲ್ಲದೆ ಕೆಲವು ವಾರ ರಜೆಯಲ್ಲಿದ್ದರು. ಕೆಲಸಕ್ಕೆ ಸೇರಿದಾಗ ಅವರಿಗೆ ಗಡ್ಡವೂ ಇರಲಿಲ್ಲ, ಪಗಡಿಯೂ ಇರಲಿಲ್ಲ. ರಜೆ ಮುಗಿಸಿ ಬಂದಾಗ ಎರಡೂ ಇದ್ದವು. ಗಡ್ಡ ತೆಗೆಸಿಕೊಂಡು ಬಾ ಎಂದು ಮೇಲಿನವರು ವಾಪಸ್ ಕಳಿಸಿದರು. ಅವರು ಒಪ್ಪಲಿಲ್ಲ. ಅಲ್ಲಿಂದ ಎರಡು ವರ್ಷ ಇಡೀ ಊರು ಈ ಒಂದು ವಿಷಯಕ್ಕೆ ಕುದಿಯಿತು.

ನಿಯಮ ಎಲ್ಲರಿಗೂ ಒಂದೇ ಎನ್ನುವುದು ನಗರದ ಸಾರಿಗೆ ಸಮಿತಿಯ ವಾದ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಆ ಸಮವಸ್ತ್ರದ ಟೋಪಿಯನ್ನು ಯಾರ ತಲೆ ನೋಡಿ ಹೊಲಿದಿದ್ದರು? ಪಕ್ಕದ ಬಸ್ಸಿನ ಇಂಗ್ಲಿಷ್ ಚಾಲಕನಿಗೆ ಗಡ್ಡ ಬೋಳಿಸುವುದು ಬೆಳಗಿನ ಐದು ನಿಮಿಷದ ಕೆಲಸ. ಸಿಖ್ಖನಿಗೆ ಅದು ಗುರುವಿಗೆ ಕೊಟ್ಟ ಮಾತನ್ನು ಮುರಿದಂತೆ. ನಿಯಮ ಒಂದೇ ಇರಬಹುದು, ಅದಕ್ಕೆ ಇಬ್ಬರೂ ತೆರುವ ಬೆಲೆ ಒಂದೇ ಅಲ್ಲ.

ಆ ಮಾತಿನ ತೂಕ ಎಷ್ಟು ಎಂದು ತಿಳಿಯಲು ನಾವು ಪಂಜಾಬಿಗೆ ಹೋಗಬೇಕಿಲ್ಲ, ಬೀದರ್‌ವರೆಗೆ ಹೋದರೆ ಸಾಕು. 1699ರ ವೈಶಾಖಿಯಂದು ಗುರು ಗೋವಿಂದ ಸಿಂಗ್ ಖಾಲ್ಸಾ ಪಂಥ ಕಟ್ಟಿದಾಗ ಮೊದಲು ದೀಕ್ಷೆ ಪಡೆದ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಒಬ್ಬರು. ಅವರು ಬೀದರ್‌ನವರು, ಕ್ಷೌರಿಕ ಮನೆತನದವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಕತ್ತರಿ ಹಿಡಿಯುವ ಮನೆಯಲ್ಲಿ ಹುಟ್ಟಿದವರು ಕೂದಲಿಗೆ ಕತ್ತರಿ ತಾಗಿಸುವುದಿಲ್ಲ ಎಂದು ವ್ರತ ತೊಟ್ಟರು. ನನಗಂತೂ ಈ ಸಂಗತಿ ನೆನೆದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ವೂಲ್ವರ್‌ಹ್ಯಾಂಪ್ಟನ್ ಮೊದಲನೆಯದೇನೂ ಅಲ್ಲ. ಮ್ಯಾಂಚೆಸ್ಟರ್‌ನಲ್ಲಿ 1959ರಲ್ಲೇ ಜಿ.ಎಸ್.ಎಸ್. ಸಾಗರ್ ಎಂಬವರು ಬಸ್ ಕೆಲಸಕ್ಕೆ ಅರ್ಜಿ ಹಾಕಿದ್ದರು. ಸಮವಸ್ತ್ರದ ನೀಲಿ ಬಣ್ಣದ್ದೇ ಪಗಡಿ ಸುತ್ತಿ, ಅದರ ಮೇಲೆ ಇಲಾಖೆಯ ಬಿಲ್ಲೆ ಹಚ್ಚಿಕೊಳ್ಳುತ್ತೇನೆ ಎಂದರು. ಇದಕ್ಕಿಂತ ಜಾಸ್ತಿ ಹೊಂದಿಕೊಳ್ಳುವುದು ಹೇಗೆ? ಆದರೂ ನಿಯಮ ಸಡಿಲವಾಗಲು 1966 ಬರಬೇಕಾಯಿತು. ಅಷ್ಟರಲ್ಲಿ ಅವರಿಗೆ ಆ ಕೆಲಸಕ್ಕೆ ಸೇರುವ ವಯಸ್ಸೇ ಮೀರಿತ್ತು.

ಇತ್ತ ವೂಲ್ವರ್‌ಹ್ಯಾಂಪ್ಟನ್‌ನಲ್ಲಿ 1968ರಲ್ಲಿ ಸಾವಿರಾರು ಸಿಖ್ಖರು ಮೆರವಣಿಗೆ ಹೊರಟರು. ಅದೇ ವರ್ಷ ಏಪ್ರಿಲ್ 20ರಂದು ಆ ಊರಿನ ಸಂಸದರಲ್ಲೊಬ್ಬರಾದ ಈನಾಕ್ ಪವೆಲ್ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದರು. ಸಿಖ್ಖರ ಈ ಬೇಡಿಕೆಯನ್ನೂ ಅದರಲ್ಲಿ ಎಳೆದು ತಂದರು. ಒಂದು ಡಿಪೋದ ಜಗಳ ಇಡೀ ದೇಶದ ಜಗಳವಾಯಿತು. ಕೊನೆಗೆ ಸೋಹನ್ ಸಿಂಗ್ ಜಾಲಿ ಎಂಬ ಹಿರಿಯ ಸಿಖ್ ಮುಖಂಡರು, 1969ರ ಏಪ್ರಿಲ್ 13ರೊಳಗೆ ನಿಷೇಧ ತೆಗೆಯದಿದ್ದರೆ ಮೈಗೆ ಬೆಂಕಿ ಹಚ್ಚಿಕೊಳ್ಳುತ್ತೇನೆ ಎಂದು ಘೋಷಿಸಿದರು. ಅಂದು ವೈಶಾಖಿ. ಸುಮ್ನೆ ಆರಿಸಿದ ದಿನವಲ್ಲ ಅದು. ಏಪ್ರಿಲ್ 9ರಂದು ಸಮಿತಿ ನಿಷೇಧ ಹಿಂತೆಗೆದುಕೊಂಡಿತು. ಒಂದು ಜೀವ ಪಣಕ್ಕೆ ಬೀಳುವವರೆಗೂ ಕಾದರಲ್ಲ ಎಂಬುದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಚಾಲಕನ ತಲೆ ಮೇಲೆ ಪಗಡಿ ಇದ್ದ ಮಾತ್ರಕ್ಕೆ ಬಸ್ಸು ಒಂದು ನಿಮಿಷವೂ ತಡವಾಗುತ್ತಿರಲಿಲ್ಲ.

ಬೀದಿಯಲ್ಲಿ ಗೆದ್ದಿದ್ದು ಕಾನೂನಿಗೆ ಇಳಿಯಲು ಇನ್ನೂ ಸಮಯ ಹಿಡಿಯಿತು. 1976ರಲ್ಲಿ ಪಗಡಿ ಧರಿಸಿದ ಸಿಖ್ಖರಿಗೆ ಬೈಕ್ ಹೆಲ್ಮೆಟ್‌ನಿಂದ ವಿನಾಯಿತಿ ಸಿಕ್ಕಿತು. ನಿಜವಾದ ತಿರುವು ಬಂದದ್ದು 1983ರಲ್ಲಿ, ಅದೂ ಒಂದು ಶಾಲೆಯ ಪ್ರಕರಣದಿಂದ. ಪಗಡಿ ತೆಗೆಯದ ಹುಡುಗನನ್ನು ಬರ್ಮಿಂಗ್‌ಹ್ಯಾಮಿನ ಖಾಸಗಿ ಶಾಲೆಯೊಂದು ಸೇರಿಸಿಕೊಂಡಿರಲಿಲ್ಲ. ಆಗಿನ ಕಾನೂನಿನಲ್ಲಿ ಜನಾಂಗ ಎಂಬ ಪದವಿತ್ತು, ಧರ್ಮ ಎಂಬುದಿರಲಿಲ್ಲ. ಸಿಖ್ಖರು ಒಂದು ಜನಾಂಗವೂ ಹೌದು ಎಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆ ತೀರ್ಪಿನ ಇನ್ನೊಂದು ಮಾತು. ಹುಡುಗ ಪಗಡಿ ತೆಗೆಯಬಲ್ಲನೇ ಎಂದು ಕೇಳುವಾಗ ಕೈಯಿಂದ ಬಿಚ್ಚಲು ಆಗುತ್ತದೆಯೇ ಎಂದು ನೋಡಿದರೆ ಸಾಲದು. ತನ್ನವರ ರೀತಿನೀತಿ ಬಿಡದೆ ಹಾಗೆ ಮಾಡಲು ಆಗುತ್ತದೆಯೇ ಎಂದು ನೋಡಬೇಕು. ತರ್ಸೇಮ್ ಸಿಂಗ್ ಕೇಳಿದ್ದೂ ಇಷ್ಟನ್ನೇ.

ಹಾಗಂತ ಎಲ್ಲರೂ ಗೆಲ್ಲಲಿಲ್ಲ. ಗಡ್ಡವಿದೆ ಎಂದು ಚಾಕೊಲೇಟ್ ಕಾರ್ಖಾನೆಯ ಕೆಲಸ ಸಿಗದ ಸಿಖ್ಖರೊಬ್ಬರು 1980ರಲ್ಲಿ ಕೋರ್ಟಿನಲ್ಲಿ ಸೋತಿದ್ದರು. ತಿನ್ನುವ ಪದಾರ್ಥದ ಶುಚಿತ್ವ ದೊಡ್ಡದು ಎಂದಿತು ನ್ಯಾಯಾಲಯ. ಮುಸ್ಲಿಮರ ಪಾಡು ಇನ್ನೂ ಕಷ್ಟ. ಅವರು ಹಲವು ಜನಾಂಗಗಳಿಗೆ ಸೇರಿದವರಾದ್ದರಿಂದ 1983ರ ತೀರ್ಪಿನ ನೆರಳು ಅವರಿಗೆ ನೇರವಾಗಿ ಸಿಗಲಿಲ್ಲ. ಕೆಲಸದಲ್ಲಿ ಧರ್ಮದ ಹೆಸರಿನ ತಾರತಮ್ಯ ತಪ್ಪು ಎಂದು ನಿಯಮಗಳು ನೇರವಾಗಿ ಹೇಳಿದ್ದು 2003ರ ಡಿಸೆಂಬರ್‌ನಲ್ಲಿ. ಆಮೇಲೆ ಅದು 2010ರ ಸಮಾನತೆ ಕಾಯ್ದೆಯೊಳಗೆ ಸೇರಿತು. ಎಲ್ಲರಿಗೂ ಒಂದೇ ಆಗಿ ಕಾಣುವ ನಿಯಮ ಒಂದು ಧರ್ಮದವರಿಗೆ ಮಾತ್ರ ಹೊರೆಯಾದರೆ, ಅದು ನಿಜಕ್ಕೂ ಬೇಕು ಎಂದು ಮಾಲೀಕರೇ ತೋರಿಸಿಕೊಡಬೇಕು.

ಇದರ ಲಾಭ ಅಲ್ಪಸಂಖ್ಯಾತರಿಗಷ್ಟೇ ಆಗಲಿಲ್ಲ. ಬ್ರಿಟಿಷ್ ಏರ್‌ವೇಸ್‌ನ ಚೆಕ್ ಇನ್ ಸಿಬ್ಬಂದಿ ನಾಡಿಯಾ ಎವೈಡಾ ಕ್ರೈಸ್ತರು. ಕೊರಳಲ್ಲಿ ಕಾಣುವಂತೆ ಪುಟ್ಟ ಶಿಲುಬೆ ಹಾಕಲು ಬಿಡಲಿಲ್ಲ ಎಂದು ಹೋರಾಡಿ 2013ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯದಲ್ಲಿ ಗೆದ್ದರು. ಪಗಡಿ, ಹಿಜಾಬ್‌ಗೆ ಮೊದಲೇ ಒಪ್ಪಿಗೆ ಕೊಟ್ಟಿದ್ದರಿಂದ ಸಂಸ್ಥೆಯ ಹೆಸರಿಗೆ ಧಕ್ಕೆಯಾಗಿದ್ದಕ್ಕೆ ಪುರಾವೆ ಇಲ್ಲ ಎಂದು ನ್ಯಾಯಾಲಯ ಗುರುತಿಸಿತು. ಪಗಡಿ ತೆರೆದ ದಾರಿಯಲ್ಲಿ ಶಿಲುಬೆಯೂ ನಡೆದು ಬಂತು. ಅದೇ ತೀರ್ಪಿನಲ್ಲಿ ಒಬ್ಬ ನರ್ಸ್ ಸೋತರು. ರೋಗಿಯ ಸುರಕ್ಷತೆಯ ಪ್ರಶ್ನೆ ಅಲ್ಲಿತ್ತು. ಈ ವ್ಯತ್ಯಾಸ ನನಗೆ ಸರಿ ಅನ್ನಿಸುತ್ತದೆ.

ನಮ್ಮಲ್ಲಿ? ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸದಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ತಡೆಯುತ್ತದೆ. ಅಲ್ಲೂ ಮಿತಿಗಳಿವೆ. ಗಡ್ಡ ಬಿಟ್ಟ ಮುಸ್ಲಿಂ ಸಿಬ್ಬಂದಿಯೊಬ್ಬರನ್ನು ವಾಯುಪಡೆ ಕೆಲಸದಿಂದ ತೆಗೆದದ್ದನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಆದರೆ ಇಂದು ನಮ್ಮ ಮಕ್ಕಳು ಹೆಚ್ಚಾಗಿ ಕೆಲಸ ಹುಡುಕುವುದು ಖಾಸಗಿ ಕಂಪನಿಗಳಲ್ಲಿ. ಆ ವಿಧಿಯ ಕೈ ಅಲ್ಲಿಗೆ ಚಾಚುವುದಿಲ್ಲ. ಖಾಸಗಿ ನೌಕರಿಯಲ್ಲಿ ಧಾರ್ಮಿಕ ತಾರತಮ್ಯವನ್ನು ತಡೆಯುವ ಸಮಗ್ರ ಕಾಯ್ದೆ ದೇಶದಲ್ಲಿ ಇಲ್ಲ. ಬೀದರ್‌ನ ಸಿಖ್ ಹುಡುಗನಿಗೋ, ಕಲಬುರಗಿಯ ಹಿಜಾಬ್ ಧರಿಸಿದ ಹುಡುಗಿಗೋ ಬೆಂಗಳೂರಿನ ಸಂದರ್ಶನವೊಂದರಲ್ಲಿ "ಅದನ್ನು ತೆಗೆದರೆ ಕೆಲಸ" ಎಂದರೆ, ಇದು ತಪ್ಪು ಎಂದು ಬೆರಳಿಟ್ಟು ತೋರಿಸಲು ಅವರಿಗೆ ಅಂಥ ಒಂದು ಕಾಯ್ದೆಯೇ ಸಿಗುವುದಿಲ್ಲ. 1967ರಲ್ಲಿ ತರ್ಸೇಮ್ ಸಿಂಗ್‌ಗೂ ಸಿಕ್ಕಿರಲಿಲ್ಲ.