ದಿನಕ್ಕೊಂದು, ಟ್ಯಾಂಪಾ ಕೊಲ್ಲಿಗೊಂದು

"ಎರಡು ಇಂಜಿನ್ ಇದ್ದರೆ ಒಂದಕ್ಕಿಂತ ಸೇಫ್ ಅಲ್ವಾ ಸಾರ್? ಒಂದು ಕೆಟ್ಟರೂ ಇನ್ನೊಂದು ಇರುತ್ತಲ್ಲ."

ಎರಡು ಇಂಜಿನ್‌ನ ವಿಮಾನ ಹಾರಿಸೋದನ್ನು ಕಲಿಸುತ್ತಿದ್ದ ವರ್ಷಗಳಲ್ಲಿ ಪ್ರತಿ ಹೊಸ ಬ್ಯಾಚಿನಲ್ಲೂ ಒಬ್ಬರಾದರೂ ಇದನ್ನು ಕೇಳುತ್ತಿದ್ದರು. "ಹೌದು, ಮೊದಲ ಒಂದು ನಿಮಿಷ ಬಿಟ್ಟು" ಅನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ನಾನು ಎದ್ದು ಬೋರ್ಡಿನ ಮೇಲೆ ಫ್ಲೋರಿಡಾದ ಒಂದು ಕೊಲ್ಲಿಯ ಚಿತ್ರ ಬರೆಯುತ್ತಿದ್ದೆ.

ಅಮೆರಿಕದ ಫ್ಲೋರಿಡಾದ ಪಶ್ಚಿಮ ಕರಾವಳಿಯಲ್ಲಿದೆ ಟ್ಯಾಂಪಾ ನಗರ. ಅದರ ದಕ್ಷಿಣಕ್ಕೆ ನೆಲ ನಾಲಿಗೆಯ ಹಾಗೆ ಕೊಲ್ಲಿಯೊಳಕ್ಕೆ ಚಾಚಿಕೊಂಡಿದೆ. ಆ ನಾಲಿಗೆಯ ತುದಿಯಲ್ಲಿ 1941ರಲ್ಲಿ ಶುರುವಾದ ವಾಯುನೆಲೆ ಮ್ಯಾಕ್‌ಡಿಲ್ ಫೀಲ್ಡ್. 1938ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಕರ್ನಲ್ ಲೆಸ್ಲಿ ಮ್ಯಾಕ್‌ಡಿಲ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಜಾಗವೇನೋ ಚೆನ್ನಾಗಿತ್ತು. ಸಪಾಟು ನೆಲ, ಸುತ್ತ ಗುಡ್ಡ ಇಲ್ಲ, ವರ್ಷದಲ್ಲಿ ಜಾಸ್ತಿ ದಿನ ಬಿಸಿಲು. ಬಾಂಬ್ ಹಾಕೋದು, ಗುಂಡು ಹಾರಿಸೋದು ಕಲಿಯಲು ಪಕ್ಕದಲ್ಲೇ ಸಮುದ್ರ. ಆದರೆ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ವಿಮಾನದ ಕೆಳಗೆ ನೀರು.

ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಬಿ-26 ಮರಾಡರ್ ಅನ್ನುವ ಎರಡು ಇಂಜಿನ್‌ನ ಬಾಂಬರ್ ಹಾರಿಸಲು ತರಬೇತಿ ಕೊಡುತ್ತಿದ್ದರು. ಒಂದು ಹಂತದಲ್ಲಿ 30 ದಿನದಲ್ಲಿ 15 ವಿಮಾನ ಬಿದ್ದವು. ಆಗ ಹುಟ್ಟಿದ ಮಾತೇ "ದಿನಕ್ಕೊಂದು, ಟ್ಯಾಂಪಾ ಕೊಲ್ಲಿಗೊಂದು." ಇಂಗ್ಲಿಷಿನಲ್ಲೂ ಅದು ಹೀಗೇ ಪ್ರಾಸ ಹಾಕಿಕೊಂಡ ಮಾತು. ವಿಮಾನಕ್ಕೆ 'ವಿಧವೆ ಮಾಡುವವಳು' ಅಂತಲೂ ಹೆಸರು ಬಿತ್ತು.

ಲೆಕ್ಕ ಮಾತ್ರ ಬೇರೆಯೇ ಇದೆ. ಕೊಲ್ಲಿಯ ನೀರಿಗೆ ಮೊದಲ ಮರಾಡರ್ ಇಳಿದದ್ದು 1942ರ ಆಗಸ್ಟ್ 5ಕ್ಕೆ, ಕೊನೆಯದು 1943ರ ಅಕ್ಟೋಬರ್ 8ಕ್ಕೆ. ಆ 14 ತಿಂಗಳಲ್ಲಿ ನೀರು ಸೇರಿದವು 13. ದಿನಕ್ಕೊಂದರ ಲೆಕ್ಕದಲ್ಲಿ ನಾನೂರು ದಾಟಬೇಕಿತ್ತು. ನೆಲದ ಮೇಲೆ ಬಿದ್ದವು ಇದರಲ್ಲಿ ಸೇರಿಲ್ಲ, ನಿಜ. ಹದಿಮೂರೇನೂ ಸಣ್ಣ ಸಂಖ್ಯೆ ಅಂತ ನಾನು ಹೇಳುತ್ತಿಲ್ಲ. ಒಂದೊಂದರಲ್ಲೂ ಆರೇಳು ಹುಡುಗರು ಕೂರುವ ವಿಮಾನ ಅದು. ಆದರೆ ಪೈಲಟ್‌ಗಳ ಕ್ಯಾಂಟೀನಿನಲ್ಲಿ ಲೆಕ್ಕ ಓಡಲ್ಲ, ಗಾದೆ ಓಡುತ್ತೆ. ಅದು ಮಾಡುವ ಕೆಡುಕೇನು ಅಂತ ಆಮೇಲೆ ಹೇಳುತ್ತೇನೆ.

ಮೊದಲು ವಿಮಾನದ ವಿಷಯ. 1939ರಲ್ಲಿ ಅಮೆರಿಕದ ಸೈನ್ಯಕ್ಕೆ ವೇಗದ ಬಾಂಬರ್ ತುರ್ತಾಗಿ ಬೇಕಿತ್ತು. ಮಾರ್ಟಿನ್ ಕಂಪನಿಯ ಪೇಟನ್ ಮಗ್ರೂಡರ್ ಬರೆದ ನಕ್ಷೆ ನೋಡಿಯೇ 201 ವಿಮಾನಕ್ಕೆ ಆರ್ಡರ್ ಕೊಟ್ಟರು. ಮಾದರಿ ವಿಮಾನ ಕಟ್ಟಿ, ಹಾರಿಸಿ, ತಪ್ಪು ತಿದ್ದಿ, ಆಮೇಲೆ ಕಾರ್ಖಾನೆಗೆ ಹೋಗುವ ಮಾಮೂಲಿ ದಾರಿ ಬಿಟ್ಟರು. 1940ರ ನವೆಂಬರ್ 25ಕ್ಕೆ ಮೊದಲ ಸಲ ಹಾರಿದ್ದೇ ಆರ್ಡರಿನ ಮೊದಲ ವಿಮಾನ.

ವೇಗ ಬೇಕು ಅಂದರೆ ರೆಕ್ಕೆ ಚಿಕ್ಕದಾಗಬೇಕು. ಎಷ್ಟು ಚಿಕ್ಕದು? 602 ಚದರ ಅಡಿ. ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಇಪ್ಪತ್ತು-ಮೂವತ್ತರ ಒಂದು ಸೈಟು. ಅಷ್ಟಗಲದ ರೆಕ್ಕೆ 32,000 ಪೌಂಡ್, ಅಂದರೆ ಹದಿನಾಲ್ಕೂವರೆ ಟನ್ ಹೊತ್ತುಕೊಂಡು ಗಾಳಿಯಲ್ಲಿ ನಿಲ್ಲಬೇಕು. ಭಾಗಿಸಿದರೆ ಚದರ ಅಡಿಗೆ 53 ಪೌಂಡ್. ಆ ಕಾಲಕ್ಕೆ ಇದು ತುಂಬಾ ಜಾಸ್ತಿ. ಚಿಕ್ಕ ರೆಕ್ಕೆ ಕೆಲಸ ಮಾಡುತ್ತೆ, ಆದರೆ ಜೋರಾಗಿ ಓಡುತ್ತಲೇ ಇರಬೇಕು. ವೇಗ ಒಂದು ಮಿತಿಗಿಂತ ಕಮ್ಮಿಯಾದರೆ ರೆಕ್ಕೆಯ ಮೇಲೆ ಗಾಳಿ ಅಂಟಿಕೊಂಡು ಹರಿಯೋದು ನಿಂತುಹೋಗುತ್ತೆ. ನಾವು ಅದನ್ನು ಸ್ಟಾಲ್ ಅನ್ನುತ್ತೇವೆ. ಕೇಳಿದವರು ಇಂಜಿನ್ ಆಫ್ ಆಯಿತು ಅಂದುಕೊಳ್ಳುತ್ತಾರೆ. ಇಂಜಿನ್ ಓಡುತ್ತಲೇ ಇರುತ್ತೆ, ರೆಕ್ಕೆ ಕೈಬಿಡುತ್ತೆ ಅಷ್ಟೇ.

ಈಗ ಕಲಿಯಲು ಬಂದವನ ಕಡೆಯಿಂದ ನೋಡಿ. ಇಪ್ಪತ್ತು, ಇಪ್ಪತ್ತೆರಡು ವಯಸ್ಸು. ಅಲ್ಲಿಯವರೆಗೆ ಅವನು ಹಾರಿಸಿದ ತರಬೇತಿ ವಿಮಾನ ಗಂಟೆಗೆ 90 ಮೈಲಿ ಆಸುಪಾಸಿನಲ್ಲಿ ರನ್‌ವೇಗೆ ಬರುತ್ತಿತ್ತು. ಮರಾಡರ್‌ನಲ್ಲಿ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್. ನೆಲ ಮುಖಕ್ಕೆ ನುಗ್ಗಿ ಬಂದ ಹಾಗೆ ಕಾಣುತ್ತೆ. ಕ್ಯಾಂಟೀನಿನ ಗಾದೆ ಕೆಲಸ ಮಾಡೋದು ಇಲ್ಲಿ. ಹೆದರಿದವನು ಏನು ಮಾಡುತ್ತಾನೆ? ನಿಧಾನ ಮಾಡುತ್ತಾನೆ. ರಸ್ತೆಯಲ್ಲಿ ಅದು ಬುದ್ಧಿವಂತಿಕೆ. ಈ ವಿಮಾನದಲ್ಲಿ ಅದರಿಂದಲೇ ಸಾವು. ಪುಸ್ತಕ ಹೇಳಿದ ವೇಗಕ್ಕಿಂತ ಕೆಳಗೆ ಬಂದ ಎಷ್ಟೋ ಮರಾಡರ್‌ಗಳು ರನ್‌ವೇ ಮುಟ್ಟಲೇ ಇಲ್ಲ. ವಿಮಾನ ಹುಡುಗರನ್ನು ಕೊಂದಿತು ಅನ್ನುತ್ತಾರೆ. ಅದರ ಭಯವೂ ಕೆಲವರನ್ನು ಕೊಂದಿರಬೇಕು ಅನ್ನೋದು ನನ್ನ ಲೆಕ್ಕ.

ಆ ಮೊದಲ ಒಂದು ನಿಮಿಷಕ್ಕೆ ಬರುತ್ತೇನೆ. ಎರಡು ಇಂಜಿನ್‌ನ ವಿಮಾನ ನೆಲ ಬಿಡುವ ವೇಗ ಒಂದು. ಒಂದೇ ಇಂಜಿನ್‌ನಲ್ಲಿ ಹತೋಟಿಯಲ್ಲಿ ಇರಲು ಬೇಕಾದ ವೇಗ ಇನ್ನೊಂದು. ಮರಾಡರ್‌ನಂಥ ವಿಮಾನದಲ್ಲಿ ಎರಡನೆಯದು ಜಾಸ್ತಿ. ಇವುಗಳ ನಡುವಿನ ಕೆಲವು ಸೆಕೆಂಡುಗಳಲ್ಲಿ ನೀವು ಹಾರುತ್ತಿದ್ದೀರಿ, ಆದರೆ ಎರಡೂ ಇಂಜಿನ್‌ಗಳ ಕೃಪೆಯಿಂದ. ಆಗ ಎಡಗಡೆಯದು ನಿಂತರೆ ಬಲಗಡೆಯದು ಪೂರ್ತಿ ಶಕ್ತಿಯಿಂದ ವಿಮಾನವನ್ನು ಎಡಕ್ಕೆ ತಿರುಚುತ್ತೆ. ಮರಾಡರ್‌ಗೆ ಇದ್ದದ್ದು 18 ಸಿಲಿಂಡರಿನ ಪ್ರ್ಯಾಟ್ ಅಂಡ್ ವಿಟ್ನಿ ಇಂಜಿನ್‌ಗಳು, ಮೊದಮೊದಲೇ ಒಂದೊಂದಕ್ಕೂ 1,850 ಕುದುರೆಶಕ್ತಿ. ಆ ಎಳೆತವನ್ನು ತಡೆಯಬೇಕಾದ್ದು ರಡ್ಡರ್, ಅಂದರೆ ಕಾಲಿನ ಪೆಡಲು ಒತ್ತಿ ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ, ಅದಕ್ಕೆ ಬಲ ಬರುವುದು ಗಾಳಿಯ ವೇಗದಿಂದ. ವೇಗ ಇನ್ನೂ ಬಂದಿಲ್ಲ. ಕಾಲಲ್ಲಿ ಪೂರ್ತಿ ಒತ್ತಿದರೂ ಸಾಲದು. ವಿಮಾನ ಮೂತಿ ತಿರುಗಿಸುತ್ತೆ, ಒಂದು ರೆಕ್ಕೆ ಬೀಳುತ್ತೆ, ಮಗುಚುತ್ತೆ. ಕಾಫಿ ಲೋಟ ಮೇಜಿನ ಮೇಲೆ ಇಡುವಷ್ಟು ಹೊತ್ತು ಸಾಕು.

ನನ್ನ ಹತ್ತಿರ ಕಲಿಯುತ್ತಿದ್ದ ಗದಗ ಕಡೆಯ ಒಬ್ಬ ಹುಡುಗ ಓದಿನಲ್ಲಿ ಬಲು ಚುರುಕು. ಐದು ಸಾವಿರ ಅಡಿ ಮೇಲೆ ಒಂದು ಇಂಜಿನ್‌ನ ಥ್ರಾಟಲ್, ಅಂದರೆ ಶಕ್ತಿ ಏರಿಸಿ ಇಳಿಸುವ ಹಿಡಿ, ಸದ್ದಿಲ್ಲದೆ ಹಿಂದಕ್ಕೆ ಎಳೆದೆ. ಯಾವ ಕಾಲು ಸುಮ್ನೆ ಇದೆಯೋ ಆ ಕಡೆಯ ಇಂಜಿನ್ ಸತ್ತಿದೆ ಅನ್ನೋದು ನಮ್ಮ ಬಾಯಿಪಾಠ. ಹಿಂದಿನ ರಾತ್ರಿ ಅದನ್ನೇ ಹತ್ತು ಸಲ ಒಪ್ಪಿಸಿದ್ದ. ಆದರೂ ತಪ್ಪು ಕಾಲು ಒತ್ತಿದ. ಆಕಾಶ ಪಕ್ಕಕ್ಕೆ ಬಂತು. ನಾನು ಕಂಟ್ರೋಲ್ ತೆಗೆದುಕೊಂಡೆ. "ಗೊತ್ತಿತ್ತು ಸಾರ್, ಕಾಲಿಗೆ ಗೊತ್ತಿರಲಿಲ್ಲ" ಅಂದ. ಐದು ಸಾವಿರ ಅಡಿ ಇದ್ದದ್ದರಿಂದ ಹಾಗೆ ಹೇಳಲು ಉಳಿದ. ಮ್ಯಾಕ್‌ಡಿಲ್‌ನಲ್ಲಿ ಎಷ್ಟೋ ಹುಡುಗರ ಪಾಲಿಗೆ ಈ ಪಾಠ ಬಂದದ್ದು ನೂರಿನ್ನೂರು ಅಡಿಯಲ್ಲಿ. ಕಲಿಸುವವರಿಗೂ ಆ ವಿಮಾನದಲ್ಲಿ ಹೆಚ್ಚು ಗಂಟೆ ಆಗಿರಲಿಲ್ಲ. ಯುದ್ಧ ಕಾಯುತ್ತಿರಲಿಲ್ಲ ನೋಡಿ.

ಇಂಜಿನ್ ಕೈಕೊಡಲು ಒಂದು ಕಾರಣವಂತೂ ಕೇಳಿದರೆ ಹೊಟ್ಟೆ ಉರಿಯುತ್ತೆ. ಬ್ಯಾಟರಿ.

ಮರಾಡರ್‌ನ ಪ್ರೊಪೆಲ್ಲರ್ ಎಲೆಗಳ ಕೋನ ಬದಲಿಸುತ್ತಿದ್ದದ್ದು ಕರೆಂಟಿನ ಮೋಟರ್. ಪ್ರೊಪೆಲ್ಲರ್ ಕೋನ ಅಂದರೆ ಗಾಡಿಯ ಗೇರ್ ಇದ್ದ ಹಾಗೆ. ವೇಗ ಏರಿದಂತೆ ಎಲೆಗಳು ಓರೆಯಾಗುತ್ತಾ ಹೋಗಬೇಕು. ಬ್ಯಾಟರಿ ಡೌನ್ ಆಗಿದ್ದರೆ ಮೋಟರ್ ತಿರುಗಲ್ಲ, ಎಲೆಗಳು ಚಪ್ಪಟೆಯಾಗೇ ಉಳಿಯುತ್ತವೆ. ಫಸ್ಟ್ ಗೇರಿನಲ್ಲೇ ಹೈವೇಗೆ ಇಳಿದ ಹಾಗೆ. ಇಂಜಿನ್ ಕಿರುಚಿಕೊಂಡು ಮಿತಿ ಮೀರಿ ಸುತ್ತುತ್ತೆ, ವಿಮಾನಕ್ಕೆ ಎಳೆತ ಸಿಗಲ್ಲ. ಇದಾಗುತ್ತಿದ್ದದ್ದು ಟೇಕಾಫ್‌ನಲ್ಲೇ, ಆ ಕೆಟ್ಟ ನಿಮಿಷದಲ್ಲೇ.

ಬ್ಯಾಟರಿ ಯಾಕೆ ಡೌನ್ ಆಗುತ್ತಿತ್ತು? ನೆಲದ ಮೇಲೆ ನಿಂತಾಗ ಮೆಕ್ಯಾನಿಕ್‌ಗಳು ಅದು ಇದು ಪರೀಕ್ಷೆ ಮಾಡಲು ಹೊರಗಿನ ಕರೆಂಟಿನ ಗಾಡಿ ತಂದು ಜೋಡಿಸುವ ಬದಲು ವಿಮಾನದ್ದೇ ಬ್ಯಾಟರಿ ಬಳಸುತ್ತಿದ್ದರು. ಅವರೂ ಹೊಸಬರೇ. ಆ ಯುದ್ಧ ಎಲ್ಲ ಕಡೆ ಹೊಸ ಕೈಗಳ ಮೇಲೇ ನಡೆಯಿತು. 1943ರಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾದಾಗ, ಅದು ಶುರುವಾಗಿ ಮೂರು ವರ್ಷವೂ ತುಂಬಿರಲಿಲ್ಲ.

ಕೊಲ್ಲಿಯ ನೀರಿನ ಬಗ್ಗೆ ಒಂದು ಮಾತು. ಟ್ಯಾಂಪಾ ಕೊಲ್ಲಿ ಆಳವೇನಲ್ಲ, ಸರಾಸರಿ ಸುಮಾರು 12 ಅಡಿ. ಆಳ ಇಲ್ಲ ಅಂದರೆ ಮೆತ್ತಗೆ ಅಂತಲ್ಲ. ಆ ವೇಗದಲ್ಲಿ ನೀರು ಕಾಂಕ್ರೀಟು. ಇನ್ನೊಂದು ಕಾಟ, ಗಾಳಿ ಇಲ್ಲದ ಬೆಳಗ್ಗೆ ನೀರು ಕನ್ನಡಿಯಾಗಿ ಬಿಡುತ್ತೆ. ಮಂಜು ಮುಸುಕಿದರೆ ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಗೊತ್ತಾಗಲ್ಲ. ಕಣ್ಣಿಗೆ ಎತ್ತರ ಅಳೆಯಲು ಒಂದು ಅಲೆ, ಒಂದು ದೋಣಿ, ಏನಾದರೂ ಬೇಕು. ಕಾರವಾರದ ಕಡಲಿನ ಮೇಲೆ ಡಿಸೆಂಬರಿನ ಬೆಳಗ್ಗೆ ನಾನೇ ಒಮ್ಮೆ ಮೋಸ ಹೋಗಿದ್ದೆ. ಎತ್ತರದ ಮೀಟರ್ ನೋಡಿ ಬೆವರಿದೆ.

ಇಷ್ಟೆಲ್ಲ ಆದ ಮೇಲೆ ತನಿಖೆಗಳಾದವು. ವಾಯುಪಡೆ ಮುಖ್ಯಸ್ಥ ಜನರಲ್ ಆರ್ನಾಲ್ಡ್ 1942ರಲ್ಲಿ ಕಾರ್ಲ್ ಸ್ಪಾಟ್ಜ್ ಮುಂದಾಳತ್ವದಲ್ಲಿ ಸಮಿತಿ ಕೂರಿಸಿದರು. ಸೆನೆಟ್ ಸಮಿತಿಯ ಹ್ಯಾರಿ ಟ್ರೂಮನ್ (ಹೌದು, ಮುಂದೆ ಅಧ್ಯಕ್ಷರಾದವರೇ) ಕಂಪನಿಯ ಮಾಲೀಕ ಗ್ಲೆನ್ ಮಾರ್ಟಿನ್ ಅವರನ್ನು ರೆಕ್ಕೆ ಚಿಕ್ಕದಾದದ್ದು ಯಾಕೆ ಅಂತ ತರಾಟೆಗೆ ತೆಗೆದುಕೊಂಡರು. ರೆಕ್ಕೆಯ ಉದ್ದ ಈ ತುದಿಯಿಂದ ಆ ತುದಿಗೆ 65 ಅಡಿಯಿಂದ 71 ಅಡಿಯಾಯಿತು. ವಿಸ್ತೀರ್ಣ 658 ಚದರ ಅಡಿ. ಎಲ್ಲರಿಗೂ ಸಮಾಧಾನ.

ಆದರೆ ಅಷ್ಟರಲ್ಲಿ ವಿಮಾನಕ್ಕೆ ಮತ್ತಷ್ಟು ಬಂದೂಕು, ಮತ್ತಷ್ಟು ರಕ್ಷಣಾ ಕವಚ ಸೇರಿತ್ತು. ಕೊನೆಯ ಮಾದರಿ, ಬಿ-26ಜಿ, 37,000 ಪೌಂಡ್ ತೂಗುತ್ತಿತ್ತು. ಭಾಗಿಸಿ ನೋಡಿ, ಚದರ ಅಡಿಗೆ 56. ರೆಕ್ಕೆ ದೊಡ್ಡದಾಯಿತು, ರೆಕ್ಕೆಯ ಮೇಲಿನ ಭಾರ ಕಮ್ಮಿಯಾಗಲಿಲ್ಲ, ಏರಿತು! ಆದರೂ ಅಪಘಾತ ಇಳಿದವು. ಹಾಗಾದರೆ ಇಳಿಸಿದ್ದು ರೆಕ್ಕೆಯಲ್ಲ.

ಇಳಿಸಿದ್ದು ಕಲಿಸುವ ರೀತಿ. ಆರ್ನಾಲ್ಡ್ ಈ ವಿಮಾನ ನೋಡಿ ಬಾ ಅಂತ ಜಿಮ್ಮಿ ಡೂಲಿಟಲ್ ಅವರನ್ನು ಕಳಿಸಿದ್ದರು. ಜಪಾನಿನ ಟೋಕಿಯೊ ಮೇಲಿನ ಬಾಂಬ್ ದಾಳಿಗೆ ಮುಂದಾಳಾಗಿದ್ದ ಡೂಲಿಟಲ್. ಸತ್ತ ಇಂಜಿನ್ ಕಡೆಗೆ ಯಾವತ್ತೂ ತಿರುಗಬಾರದು, ತಿರುಗಿದರೆ ಕಥೆ ಮುಗಿಯಿತು ಅಂತ ಪೈಲಟ್‌ಗಳು ನಂಬಿದ್ದರು. ಡೂಲಿಟಲ್ ಭಾಷಣ ಮಾಡಲಿಲ್ಲ. ಟೇಕಾಫ್ ಓಟದಲ್ಲೇ ಒಂದು ಇಂಜಿನ್ ನಿಲ್ಲಿಸಿ, ಸತ್ತ ಇಂಜಿನ್ ಕಡೆಗೇ ತಿರುಗಿಸಿ, ಸುತ್ತು ಹಾಕಿ, ಒಂದೇ ಇಂಜಿನ್‌ನಲ್ಲಿ ಇಳಿಸಿ ತೋರಿಸಿದರು. ಆಮೇಲೆ ವಿನ್ಸೆಂಟ್ ಬರ್ನೆಟ್ ಅನ್ನುವ ಪೈಲಟ್ ತರಬೇತಿ ನೆಲೆಗಳಿಗೆ ಹೋಗಿ ಇಂಥದ್ದೇ ಪ್ರದರ್ಶನ ಕೊಟ್ಟರು. ವಾಯುಪಡೆಯ ಮಹಿಳಾ ಪೈಲಟ್‌ಗಳು, ವಾಸ್ಪ್ ಅಂತ ಕರೆಯುತ್ತಿದ್ದರು, ಇದೇ ಮರಾಡರ್‌ನಲ್ಲಿ ಗುರಿ ಅಭ್ಯಾಸದ ಬಟ್ಟೆ ಎಳೆದುಕೊಂಡು ಹಾರಿದರು. ಗಂಡಸರ ಬಾಯಿ ತನ್ನಷ್ಟಕ್ಕೆ ಮುಚ್ಚಿತು ಅಂತ ನನ್ನ ಊಹೆ. 1944ರ ಹೊತ್ತಿಗೆ ಯುರೋಪಿನ ಯುದ್ಧದಲ್ಲಿ ಮರಾಡರ್‌ನ ನಷ್ಟ ನೂರು ಹಾರಾಟಕ್ಕೆ ಅರ್ಧಕ್ಕಿಂತ ಕಮ್ಮಿ. ಅಲ್ಲಿದ್ದ ಅಮೆರಿಕನ್ ಬಾಂಬರ್‌ಗಳಲ್ಲೇ ತೀರಾ ಕಡಿಮೆ ಅದು. ಆದರೆ ಯುದ್ಧದ ಆ ವರ್ಷಗಳಲ್ಲಿ ಅಮೆರಿಕದ ಒಳಗೇ, ಶತ್ರುವಿನ ಮುಖ ನೋಡುವ ಮೊದಲೇ, ಸೈನ್ಯದ ವಾಯುಪಡೆಯ ಸುಮಾರು 15,000 ಜನ ವಿಮಾನ ಅಪಘಾತಗಳಲ್ಲಿ ತೀರಿಕೊಂಡಿದ್ದರು.

ಬೋರ್ಡಿನ ಮೇಲೆ ಇಷ್ಟು ಬರೆದ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ. ಚಕ್ರ ನೆಲ ಬಿಟ್ಟಿದೆ, ಸುರಕ್ಷಿತ ವೇಗ ಇನ್ನೂ ಬಂದಿಲ್ಲ, ಒಂದು ಇಂಜಿನ್ ಹೋಯಿತು. ಈಗ ಏನು ಮಾಡುತ್ತೀರಿ? ರಡ್ಡರ್ ಒತ್ತುತ್ತೇವೆ, ಪ್ರೊಪೆಲ್ಲರ್ ಫೆದರ್ ಮಾಡುತ್ತೇವೆ (ನಿಂತ ಇಂಜಿನ್‌ನ ಎಲೆಗಳನ್ನು ಗಾಳಿಗೆ ಅಡ್ಡ ಬರದ ಹಾಗೆ ತಿರುಗಿಸೋದು), ಎಲ್ಲ ಉತ್ತರ ಬರುತ್ತಿದ್ದವು. ಸರಿಯಾದದ್ದು ಬರಲು ಹೊತ್ತಾಗುತ್ತಿತ್ತು. ಚೆನ್ನಾಗಿ ಓಡುತ್ತಿರುವ ಇನ್ನೊಂದು ಇಂಜಿನ್ ಅನ್ನೂ ನಿಮ್ಮ ಕೈಯಾರೆ ಕಮ್ಮಿ ಮಾಡಿ ನೇರ ಮುಂದಕ್ಕೆ ಇಳಿಯಬೇಕು. ಕೈ ಒಪ್ಪಲ್ಲ.

ಗದಗಿನ ಹುಡುಗ ಕೇಳಿದ್ದ, "ಮುಂದೆ ಸಮುದ್ರ ಇದ್ದರೆ ಸಾರ್?"

"ಸಮುದ್ರಕ್ಕೇ ಇಳಿಸಪ್ಪ. ರೆಕ್ಕೆ ಸಮವಾಗಿ ಇಟ್ಟುಕೊಂಡು."