ಗುಲ್ಮವೆಂಬ ಸಸಿಮಡಿ

ಮಲೆನಾಡಿನ ಹಳಬರಿಗೆ ಗುಲ್ಮದ ಪರಿಚಯವಾಗುತ್ತಿದ್ದುದು ಅದು ಊದಿಕೊಂಡಾಗ ಮಾತ್ರ. ಆಗ ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಎಡ ಪಕ್ಕೆಲುಬುಗಳ ಮರೆಯಲ್ಲಿ ಸುಮಾರು 150 ಗ್ರಾಂ ತೂಗುತ್ತ ಕೈಗೆ ಸಿಗದಂತಿರುವ ಈ ಅಂಗ, ಚಳಿಜ್ವರ ಮರುಕಳಿಸಿದಂತೆಲ್ಲ ಹೊಟ್ಟೆಯೊಳಗೆ ಇಳಿದು ಬೆಳೆಯುತ್ತದೆ. ಮಗುವನ್ನು ಮಲಗಿಸಿ, ಮೊಣಕಾಲು ಮಡಿಸಿ, ಉಸಿರನ್ನು ಒಳಗೆಳೆದುಕೊಳ್ಳಲು ಹೇಳಿದರೆ ಅದರ ಗಟ್ಟಿ ಅಂಚು ವೈದ್ಯರ ಬೆರಳತುದಿಗೆ ಬಂದು ತಾಕುತ್ತದೆ. ಹೀಗೆ ಎಷ್ಟು ಮಕ್ಕಳ ಗುಲ್ಮ ಕೈಗೆ ಸಿಗುತ್ತದೆ ಎಂದು ಎಣಿಸಿ ಊರಿನ ಮಲೇರಿಯಾವನ್ನು ಅಳೆಯುವ ಕ್ರಮ 1840ರ ದಶಕದಲ್ಲಿ ಉತ್ತರ ಭಾರತದ ಕಾಲುವೆ ಪ್ರದೇಶದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯರಿಂದ ಆರಂಭವಾಯಿತು. 1930ರ ಸುಮಾರಿಗೆ ಮೈಸೂರು ಸರ್ಕಾರ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಮಲೇರಿಯಾ ಅಧ್ಯಯನಕ್ಕೆ ಆರಿಸಿಕೊಂಡ ಸ್ಥಳಗಳಲ್ಲಿ ನಮ್ಮ ಮೂಡಿಗೆರೆಯೂ ಒಂದು.

ರೋಗದ ಅಳತೆಗೋಲಾಗಿದ್ದ ಈ ಅಂಗಕ್ಕೆ ಶಸ್ತ್ರವೈದ್ಯರ ಬಳಿ ಹೆಚ್ಚಿನ ಬೆಲೆಯಿರಲಿಲ್ಲ. ಪೆಟ್ಟು ಬಿದ್ದು ಒಡೆದರೆ ತೆಗೆದುಬಿಡುವುದು, ಅದಿಲ್ಲದೆಯೂ ಮನುಷ್ಯ ಬದುಕುತ್ತಾನೆ ಎಂಬುದು ಬಹುಕಾಲದ ನಂಬಿಕೆ. ಆ ನಂಬಿಕೆ ಅಲುಗಾಡಿದ್ದು 1952ರಲ್ಲಿ, ಗುಲ್ಮ ತೆಗೆಸಿಕೊಂಡ ಎಳೆಯ ಮಕ್ಕಳು ತೀವ್ರ ಸೋಂಕಿಗೆ ತುತ್ತಾಗುವುದನ್ನು ಕಿಂಗ್ ಮತ್ತು ಶುಮೇಕರ್ ವರದಿ ಮಾಡಿದಾಗ.

ಅಷ್ಟರಲ್ಲಾಗಲೇ ಷಿಕಾಗೋದಲ್ಲಿ ಬೇರೆಯೇ ಒಂದು ಕುತೂಹಲ ಹುಟ್ಟಿತ್ತು. 1949ರ ಸುಮಾರಿಗೆ ಲಿಯಾನ್ ಜೇಕಬ್‌ಸನ್, ಇಲಿಗಳ ಗುಲ್ಮಕ್ಕೆ ಮಾತ್ರ ಸೀಸದ ಹೊದಿಕೆ ಹಾಕಿ ಉಳಿದ ಮೈಗೆಲ್ಲ ಮಾರಕ ಪ್ರಮಾಣದ ವಿಕಿರಣ ಹಾಯಿಸಿದಾಗ ಅನೇಕ ಇಲಿಗಳು ಬದುಕಿಕೊಂಡವು. ಗುಲ್ಮದಿಂದ ಯಾವುದೋ ರಸ ಸ್ರವಿಸಿ ಅವುಗಳನ್ನು ಕಾಪಾಡಿರಬೇಕೆಂದು ಮೊದಲು ಊಹಿಸಲಾಯಿತು. ಕಾಪಾಡಿದ್ದು ರಸವಲ್ಲ, ಜೀವಕೋಶಗಳೇ ಎಂಬುದು ಖಚಿತವಾಗಲು 1950ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು.

ಬೇರೆ ಬೇರೆ ಬಗೆಯ ಕೋಶಗಳಿಗೆ ಮೂಲವಾಗುವ ಕಾಂಡಕೋಶಗಳ ವಿಜ್ಞಾನದ ಬುನಾದಿ ಬಿದ್ದದ್ದೂ ಇಲಿಯ ಗುಲ್ಮದ ಮೇಲೆಯೇ. ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್‌ಕಲಾಕ್ ರಕ್ತಕಣಗಳನ್ನು ಹುಟ್ಟಿಸುವ ಸ್ವಂತ ಅಸ್ಥಿಮಜ್ಜೆ ವಿಕಿರಣದಿಂದ ನಾಶವಾದ ಇಲಿಗಳ ರಕ್ತಕ್ಕೆ ಬೇರೆ ಇಲಿಗಳ ಮಜ್ಜೆಯನ್ನು ಸೇರಿಸಿ, ಹತ್ತು ದಿನ ಬಿಟ್ಟು ಹೊಟ್ಟೆ ಬಿಡಿಸಿ ನೋಡಿದಾಗ ಗುಲ್ಮದ ತುಂಬ ಬರಿಗಣ್ಣಿಗೆ ಕಾಣುವಂಥ ಗಂಟುಗಳೆದ್ದಿದ್ದವು. ಗಂಟುಗಳನ್ನು ಎಣಿಸಬೇಕೆಂದು ಅವರಿಗೆ ಹೊಳೆದದ್ದರಲ್ಲೇ ಎಲ್ಲವೂ ಇತ್ತು. ಕೊಟ್ಟ ಕೋಶಗಳ ಸಂಖ್ಯೆ ಇಮ್ಮಡಿಯಾದರೆ ಗಂಟುಗಳೂ ಇಮ್ಮಡಿಯಾಗುತ್ತಿದ್ದವು. ಸುಮಾರು ಹತ್ತು ಸಾವಿರ ಕೋಶಗಳಿಗೆ ಒಂದು ಗಂಟು. ಇದು ಪ್ರಕಟವಾದದ್ದು 1961ರಲ್ಲಿ. ವಿಕಿರಣದಿಂದ ವರ್ಣತಂತುಗಳಲ್ಲಿ ಗುರುತು ಮೂಡಿಸಿ, ಒಂದು ಗಂಟಿನ ಕೋಶಗಳಲ್ಲೆಲ್ಲ ಒಂದೇ ಗುರುತಿರುವುದನ್ನು, ಅಂದರೆ ಇಡೀ ಗಂಟು ಒಂದೇ ಕೋಶದ ಸಂತತಿಯೆಂಬುದನ್ನು, 1963ರಲ್ಲಿ ಅವರ ತಂಡ ತೋರಿಸಿತು. ಕಾಫಿ ತೋಟದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ಮೊಳೆಯುವ ಬೀಜವೆಷ್ಟು, ಜೊಳ್ಳೆಷ್ಟು ಎಂದು ತಿಳಿಯಲು ಸಸಿಮಡಿಗಿಂತ ಒಳ್ಳೆಯ ಜಾಗವಿಲ್ಲ. ವಯಸ್ಕ ಮನುಷ್ಯರ ಗುಲ್ಮ ಸಾಮಾನ್ಯವಾಗಿ ರಕ್ತಕಣಗಳನ್ನು ಹುಟ್ಟಿಸುವುದಿಲ್ಲ, ಇಲಿಯದು ಹುಟ್ಟಿಸುತ್ತದೆ. ಪ್ರಯೋಗಕ್ಕೆ ಇಲಿ ಸಿಕ್ಕಿದ್ದು ವಿಜ್ಞಾನದ ಪುಣ್ಯ.

ಎಣಿಕೆಗೆ ಮಡಿಯಾದದ್ದು ಚಿಕಿತ್ಸೆಗೂ ಮಡಿಯಾಗಬಾರದೇಕೆ ಎಂಬ ಯೋಚನೆ ಮುಂದಿನ ದಶಕದ್ದು. ಗುಲ್ಮದಲ್ಲಿ ರಕ್ತ ಸಂದುಗೊಂದುಗಳಲ್ಲಿ ನಿಧಾನವಾಗಿ ಜಿನುಗುವುದರಿಂದ ಹೊರಗಿನಿಂದ ತಂದ ಕೋಶ ನೆಲೆಯೂರಲು ಅವಕಾಶವಿದೆ. ಮೇಲಾಗಿ ಅಲ್ಲಿಂದ ಹೊರಟ ರಕ್ತ ನೇರವಾಗಿ ಯಕೃತ್ತಿಗೆ ಹೋಗುತ್ತದೆ, ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸಹಜವಾಗಿ ಮೊದಲು ತಲುಪುವುದೂ ಅಲ್ಲಿಗೇ. 1976ರಲ್ಲಿ ಸ್ವಿಟ್ಜರ್ಲೆಂಡಿನ ಮಿರ್ಕೊವಿಚ್ ಮತ್ತು ಕಾಂಪಿಶ್, ಮೇದೋಜೀರಕ ತೆಗೆದ ನಾಯಿಗಳ ಗುಲ್ಮದೊಳಗೆ ಅದೇ ಗ್ರಂಥಿಯ ಚೂರುಗಳನ್ನು ನೆಟ್ಟು ಸಕ್ಕರೆ ಕಾಯಿಲೆಯನ್ನು ತಡೆದರು. ಜಪಾನಿನ ಮಿಚಿಯೊ ಮಿಟೊ 1992ರಲ್ಲಿ ಸಿರೋಸಿಸ್‌ನಿಂದ, ಅಂದರೆ ಯಕೃತ್ತು ಗಟ್ಟಿಯಾಗಿ ಕೆಡುವ ಕಾಯಿಲೆಯಿಂದ, ನರಳುವವರ ಯಕೃತ್ತಿನ ಕೋಶಗಳನ್ನು ಅವರದೇ ಗುಲ್ಮಕ್ಕೆ ಸೇರಿಸಿದ್ದನ್ನು ವರದಿ ಮಾಡಿದರು. ಕೋಶಗಳು ಉಳಿದುಕೊಂಡರೂ ರೋಗಿಗಳಿಗಾದ ಲಾಭ ಸ್ಪಷ್ಟವಾಗಲಿಲ್ಲ. 2000ದಲ್ಲಿ ಕೆನಡಾದ ಎಡ್ಮಂಟನ್ನಿನ ವೈದ್ಯರು ಏಳು ಮಧುಮೇಹಿಗಳಿಗೆ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಯಕೃತ್ತಿನೊಳಗೆ ಸೇರಿಸಿ ಯಶಸ್ವಿಯಾದ ಮೇಲೆ, ಚುಚ್ಚಿದರೆ ರಕ್ತ ಸುರಿಯುವ ಗುಲ್ಮ ಹಿಂದೆ ಸರಿಯಿತು.

2003ರಲ್ಲಿ ಬಾಸ್ಟನ್ನಿನ ಡೆನಿಸ್ ಫೌಸ್ಟ್‌ಮನ್, ಗುಲ್ಮದ ಕೋಶಗಳೇ ಇನ್ಸುಲಿನ್ ಕೋಶಗಳಾಗಿ ಬದಲಾಗುತ್ತವೆಂದು ಮಧುಮೇಹದ ಇಲಿಗಳ ಆಧಾರದಿಂದ ಪ್ರತಿಪಾದಿಸಿದಾಗ ಆಸೆ ಮತ್ತೆ ಚಿಗುರಿತು. 2006ರಲ್ಲಿ ಮೂರು ತಂಡಗಳು ಅದನ್ನು ಪುನಃ ಮಾಡಿ ನೋಡಿದವು. ಕೆಲವು ಇಲಿಗಳು ಗುಣವಾದದ್ದು ನಿಜ, ಆದರೆ ಹೊಸ ಇನ್ಸುಲಿನ್ ಕೋಶಗಳು ಗುಲ್ಮದ ಕೋಶಗಳಿಂದ ಬಂದವಲ್ಲ ಎಂಬುದೇ ಮೂವರ ತೀರ್ಮಾನ. ಗುಲ್ಮವನ್ನು ಬೀಜವೆಂದು ಭಾವಿಸಿದವರು ಸೋತರು, ಮಡಿಯೆಂದು ಭಾವಿಸಿದವರು ಇನ್ನೂ ಸೋತಿಲ್ಲ ಎಂದು ನನಗೆ ತೋರುತ್ತದೆ: 2020ರಲ್ಲಿ ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದ ತಂಡ ಇಲಿಯ ಗುಲ್ಮದ ಅಂಗಾಂಶವನ್ನೇ ಹದಗೊಳಿಸಿ, ಅದರಲ್ಲಿ ಯಕೃತ್ತಿನ ಕೋಶಗಳನ್ನು ಬೆಳೆಸಿ, ಯಕೃತ್ತಿನ ಕೆಲಸ ಮಾಡಿಸಿತು.

ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುವಾಗ ಜಾರಿ ಬಿದ್ದು ಗುಲ್ಮ ಹರಿದುಕೊಂಡವರಿಗೆ ಈ ಚರಿತ್ರೆಯ ಬೇರೊಂದು ಕವಲು ಸಂಬಂಧಿಸಿದೆ. ರಕ್ತಸ್ರಾವ ಹತೋಟಿಗೆ ಬಂದರೆ ಈಗ ಗುಲ್ಮವನ್ನು ಉಳಿಸಿಕೊಳ್ಳುವುದೇ ಮೊದಲ ಪ್ರಯತ್ನ. ತೆಗೆಯಲೇಬೇಕಾದಾಗ ಅದರ ತೆಳುವಾದ ಹೋಳುಗಳನ್ನು ಹೊಟ್ಟೆಯೊಳಗಿನ ಕೊಬ್ಬಿನ ಪರದೆಯಲ್ಲಿ ನೆಟ್ಟು ಬಿಡುವ ಪದ್ಧತಿಯೂ ಕೆಲವೆಡೆ ಇದೆ. ಹೋಳುಗಳಿಗೆ ಹೊಸ ರಕ್ತನಾಳ ಹಬ್ಬಿ ಅವು ಬದುಕುತ್ತವಾದರೂ ಮೊದಲಿನಷ್ಟು ರಕ್ಷಣೆ ಕೊಡುತ್ತವೆಂಬ ಭರವಸೆಯಿಲ್ಲದ ಕಾರಣ, ನ್ಯೂಮೋಕಾಕಸ್ ಮೊದಲಾದ ಸೋಂಕುಗಳ ವಿರುದ್ಧ ಲಸಿಕೆಯನ್ನು ಅಂಥವರಿಗೂ ಹಾಕಲಾಗುತ್ತದೆ.