ಬ್ರೇಕ್ ಒತ್ತಿದರೂ ಮೈ ಮುಗ್ಗರಿಸದ ಕಾರು

ಕ್ಯಾಲಿಫೋರ್ನಿಯಾದ ಲಗುನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ‘ಕಾರ್ಕ್‌ಸ್ಕ್ರೂ’ ಎಂಬ ತಿರುವಿದೆ. ದಿಬ್ಬ ಹತ್ತಿ ಬಂದ ಕಾರು ಎಡಕ್ಕೆ ಹೊರಳಿ, ಹೊರಳಿದ್ದೇ ಬಲಕ್ಕೆ ತಿರುಗಿ, ಸುಮಾರು 140 ಮೀಟರ್ ಓಡುವಷ್ಟರಲ್ಲಿ 18 ಮೀಟರ್ ಕೆಳಗಿಳಿದಿರುತ್ತದೆ. ಐದಂತಸ್ತಿನ ಮನೆಯ ತಾರಸಿಯಿಂದ ಅಂಗಳಕ್ಕೆ ಬಂದ ಹಾಗೆ. ‘ಗ್ರ್ಯಾನ್ ಟುರಿಸ್ಮೊ’ ಆಟದಲ್ಲಿ ನಾನು ಈ ತಿರುವನ್ನು ಟಿವಿ ಪರದೆಯ ಮೇಲೆ ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಇಳಿಜಾರೆಂದು ಗೊತ್ತಿತ್ತು, ಅಷ್ಟೇ. ಆಟದ ಲೋಕದೊಳಗೇ ಕೂತಂತೆ ಕಾಣಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ಟನ್ನು ಕಣ್ಣಿಗೆ ತೊಟ್ಟು ಮೊದಲ ಸಲ ಅಲ್ಲಿಗೆ ಬಂದಾಗ ಮುಂದೆ ರಸ್ತೆಯೇ ಇರಲಿಲ್ಲ. ಬಾನೆಟ್ಟಿನ ಆಚೆ ಬರೀ ಆಕಾಶ. ಮರುಕ್ಷಣ ಕರುಳು ಗಂಟಲಿಗೆ ಬಂದಂತಾಯಿತು.

ಹಿಂದೆ ನಿಂತು ನೋಡುತ್ತಿದ್ದ ಅಣ್ಣನ ಮಗ ಕೇಳಿದ: “ಚಿಕ್ಕಪ್ಪ, ಬ್ರೇಕ್ ಒತ್ತುವಾಗಲೆಲ್ಲ ಕತ್ತನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಯಾಕೆ?”

ನನಗೆ ಅದು ಗೊತ್ತೇ ಆಗಿರಲಿಲ್ಲ. ನಿಜವಾದ ಕಾರಿನಲ್ಲಿ ಬ್ರೇಕ್ ಹಾಕಿದರೆ ಮೈ ಮುಗ್ಗರಿಸುತ್ತದೆ. ಅದನ್ನು ತಡೆಯಲು ಕತ್ತಿನ ಸ್ನಾಯುಗಳು ಮೊದಲೇ ಬಿಗಿಯಾಗುತ್ತವೆ. ಇಲ್ಲಿ ಕತ್ತು ನೂಕಿಗೆ ಸಿದ್ಧವಾಗಿತ್ತು, ನೂಕು ಬರಲಿಲ್ಲ. ಈ ಆಟದಲ್ಲಿ ವಿಆರ್ ಮುಂದೆ ಎಲ್ಲಿಗೆ ಹೋದೀತು ಎಂದು ಯಾರಾದರೂ ಕೇಳಿದರೆ, ಆ ಬಾರದ ನೂಕಿನ ಕಡೆಗೆ ಬೆರಳು ತೋರಿಸುತ್ತೇನೆ.

ಕಜುನೊರಿ ಯಮಾಉಚಿ ಮತ್ತು ಅವರ ತಂಡ ರೂಪಿಸಿದ ಗ್ರ್ಯಾನ್ ಟುರಿಸ್ಮೊ ಜಪಾನಿನಲ್ಲಿ ಮೊದಲು ಬಂದದ್ದು 1997ರ ಡಿಸೆಂಬರಿನಲ್ಲಿ. ಕಾರುಗಳ ತೂಕ, ಟೈರಿನ ಹಿಡಿತ, ಸಸ್ಪೆನ್ಷನ್ನಿನ ಬಿಗಿ ಎಲ್ಲವನ್ನೂ ಲೆಕ್ಕ ಹಾಕುವ ಆಟವೆಂದು ಅದು ಹೆಸರು ಮಾಡಿತು. ವಿಆರ್ ಇದಕ್ಕೆ ಕಾಲಿಟ್ಟದ್ದು 2017ರ ‘ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್’ನಲ್ಲಿ, ಅದೂ ಅಂಜುತ್ತ ಅಳುಕುತ್ತ: ಟ್ರ್ಯಾಕಿನಲ್ಲಿ ನೀವು, ನಿಮ್ಮೆದುರು ಒಂದೇ ಒಂದು ಕಾರು. 2023ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ ವಿಆರ್2 ಹೆಡ್‌ಸೆಟ್ ಬಂದಾಗ, ಹಿಂದಿನ ವರ್ಷವಷ್ಟೇ ಬಿಡುಗಡೆಯಾಗಿದ್ದ ಏಳನೆಯ ಗ್ರ್ಯಾನ್ ಟುರಿಸ್ಮೊ ಹೆಚ್ಚುಕಡಿಮೆ ಇಡಿಯಾಗಿ ಅದರೊಳಗೆ ಸೇರಿಕೊಂಡಿತು. ಪರದೆಯನ್ನು ಇಬ್ಬರು ಪಾಲು ಮಾಡಿಕೊಂಡು ಆಡುವ ಬಗೆಯೊಂದು ಹೊರಗುಳಿಯಿತು. ಒಂದು ಹೆಡ್‌ಸೆಟ್ಟಿನಲ್ಲಿ ಎರಡು ತಲೆ ಹಿಡಿಸುವುದಿಲ್ಲವಲ್ಲ.

ಕಾರಿನ ಆಟಕ್ಕೂ ವಿಆರ್‌ಗೂ ಜಾತಕ ಕೂಡಿಬರುವುದಕ್ಕೆ ಕಾರಣ ಸರಳ. ಬೇರೆ ಆಟಗಳಲ್ಲಿ ನಾಯಕ ಓಡುತ್ತಾನೆ, ನೀವು ಸೋಫಾದಲ್ಲಿ ಕೂತಿರುತ್ತೀರಿ. ಇಲ್ಲಿ ಅವನೂ ಕೂತಿದ್ದಾನೆ, ನೀವೂ ಕೂತಿದ್ದೀರಿ. ಇಬ್ಬರ ಕೈಯಲ್ಲೂ ಸ್ಟಿಯರಿಂಗ್ ಇದೆ. 55 ಇಂಚಿನ ಟಿವಿಯನ್ನು ಎರಡು ಮೀಟರ್ ದೂರದಿಂದ ನೋಡಿದರೆ ಅದು ನಿಮ್ಮ ನೋಟದಲ್ಲಿ 34 ಡಿಗ್ರಿಯಷ್ಟು ಅಗಲವನ್ನು ತುಂಬುತ್ತದೆ. ಚಾಲಕನಿಗೆ ಕಾಣುವ ವಿಶಾಲ ಲೋಕವನ್ನು ಆ ಕಿಂಡಿಯೊಳಗೆ ತುರುಕುವಾಗ ದಿಬ್ಬಗಳು ಚಪ್ಪಟೆಯಾಗುತ್ತವೆ. ಹೆಡ್‌ಸೆಟ್ 110 ಡಿಗ್ರಿಯನ್ನು ಆವರಿಸುತ್ತದೆ. ಇಳಿಜಾರು ಇದ್ದಷ್ಟೇ ಕಡಿದಾಗಿ ಕಾಣುತ್ತದೆ.

ಆದರೆ ಇದಕ್ಕೊಂದು ಬೆಲೆ ತೆರಬೇಕು. ಹೆಡ್‌ಸೆಟ್ಟಿನ ಪರದೆಯಲ್ಲಿ ಪ್ರತಿ ಕಣ್ಣಿಗೆ ಅಡ್ಡಲಾಗಿ 2000 ಚುಕ್ಕಿಗಳು (ಪಿಕ್ಸೆಲ್). 110 ಡಿಗ್ರಿಗೆ ಹಂಚಿದರೆ ಡಿಗ್ರಿಗೆ ಸುಮಾರು 18. ಆರೋಗ್ಯವಂತ ಕಣ್ಣು 60ರ ಆಸುಪಾಸು ಗುರುತಿಸಬಲ್ಲದು. ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿ ಬರುವವನಿಗೆ ಬ್ರೇಕ್ ಒತ್ತುವ ಜಾಗ ತೋರಿಸುವ, 200 ಮೀಟರ್ ಆಚೆಯ ಫಲಕವೆಂದರೆ ಎರಡೂವರೆ ಸೆಕೆಂಡಿನ ದಾರಿ. ಒಂದು ಮೀಟರ್ ಅಗಲದ ಆ ಫಲಕಕ್ಕೆ ಹೆಡ್‌ಸೆಟ್ಟಿನಲ್ಲಿ ಸಿಗುವುದು ಐದು ಚುಕ್ಕಿ. ಹತ್ತಿರದ ಡ್ಯಾಶ್‌ಬೋರ್ಡಿನ ಹೊಲಿಗೆ ಎಣಿಸಬಹುದು, ಬ್ರೇಕ್ ಎಲ್ಲಿ ಒತ್ತಬೇಕೆಂದು ಕಾಣದು! ಈ ಕೊರತೆ ನೀಗುತ್ತದೆ ಎಂಬ ನಂಬಿಕೆ ನನಗಿದೆ. ಕೈ ಚಾಚಿ ಹೆಬ್ಬೆರಳ ಉಗುರನ್ನು ನೋಡಿ. ಕಣ್ಣು ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು, ಉಳಿದದ್ದು ಮಸುಕು. ಹೆಡ್‌ಸೆಟ್ಟಿನೊಳಗಿನ ಪುಟ್ಟ ಕ್ಯಾಮೆರಾಗಳು ಕಣ್ಣುಗುಡ್ಡೆಯ ಜಾಡು ಹಿಡಿದು, ದೃಷ್ಟಿ ನೆಟ್ಟ ಕಡೆ ಮಾತ್ರ ಚಿತ್ರವನ್ನು ಪೂರ್ತಿ ವಿವರವಾಗಿ ಬಿಡಿಸಲು ಯಂತ್ರಕ್ಕೆ ನೆರವಾಗುತ್ತವೆ. ಹೀಗೆ ಶ್ರಮ ಉಳಿದರೆ ಇನ್ನೂ ದಟ್ಟವಾದ ಪರದೆಗಳನ್ನು ತುಂಬುವುದು ಕಷ್ಟವಲ್ಲ. ಕಣ್ಣನ್ನು ಒಪ್ಪಿಸಬಹುದು.

ಒಪ್ಪದಿರುವುದು ಕಿವಿ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಬಾಗುನಾಳಗಳು ತಲೆ ತಿರುಗಿದ್ದನ್ನು ಹೇಳುತ್ತವೆ. ಅವುಗಳ ಬುಡದಲ್ಲಿ, ಲೋಳೆಯ ಹಾಸಿನ ಮೇಲೆ ಸುಣ್ಣದ ಸೂಕ್ಷ್ಮ ಹರಳುಗಳಿವೆ. ವೇಗ ಹೆಚ್ಚಿದರೆ, ತಗ್ಗಿದರೆ ಅವು ಜರುಗಿ ಕೆಳಗಿನ ಕೂದಲಿನಂಥ ಎಳೆಗಳನ್ನು ಬಾಗಿಸುತ್ತವೆ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತ ಕೂತವರಿಗೆ ಕಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ, ನಿಂಬೆಹಣ್ಣು ಹೊರಬರುತ್ತದೆ. ವಿಆರ್‌ನಲ್ಲಿ ಜಗಳ ತಿರುಗುಮುರುಗು: ಕಣ್ಣು ಓಡುತ್ತಿದೆ, ಕಿವಿ ಮನೆಯಲ್ಲೇ ಕೂತಿದೆ. ಆದರೂ ಬಸ್ಸಿನ ಚಾಲಕನಿಗೆ ವಾಂತಿ ಬರುವುದು ಅಪರೂಪ, ಏಕೆಂದರೆ ಮುಂದಿನ ತಿರುವನ್ನು ಅವನ ಕೈಯೇ ನಿರ್ಧರಿಸಿರುತ್ತದೆ. ಸ್ಟಿಯರಿಂಗ್ ಹಿಡಿದ ಆಟಗಾರನಿಗೂ ಈ ರಿಯಾಯಿತಿ ಸ್ವಲ್ಪಮಟ್ಟಿಗೆ ಸಿಗುತ್ತದೆ. ಸ್ವಲ್ಪಮಟ್ಟಿಗೆ ಮಾತ್ರ.

ಹಾಗಾದರೆ ಕುರ್ಚಿಯನ್ನೇ ಅಲುಗಾಡಿಸಿದರೆ? ವಿಮಾನ ಚಾಲಕರ ತರಬೇತಿ ಯಂತ್ರಗಳು ಮಾಡುವುದು ಅದನ್ನೇ. ಬಗ್ಗಿದ್ದಕ್ಕೂ ವೇಗ ಬದಲಾದದ್ದಕ್ಕೂ ಆ ಹರಳುಗಳಿಗೆ ವ್ಯತ್ಯಾಸ ತಿಳಿಯದು. ಕುರ್ಚಿಯನ್ನು 30 ಡಿಗ್ರಿ ಮುಂದಕ್ಕೆ ವಾಲಿಸಿದರೆ ಗುರುತ್ವದ ಅರ್ಧದಷ್ಟು ಬಲದ ಬ್ರೇಕಿನ ಭ್ರಮೆ ಹುಟ್ಟುತ್ತದೆ. ತೊಡಕಿರುವುದು ಬಾಗುನಾಳಗಳಲ್ಲಿ. ಸೆಕೆಂಡಿಗೆ ಸುಮಾರು 3 ಡಿಗ್ರಿಗಿಂತ ಬೇಗ ವಾಲಿಸಿದರೆ ಅವು ಮೋಸವನ್ನು ಪತ್ತೆ ಹಚ್ಚುತ್ತವೆ. ಅಂದರೆ 30 ಡಿಗ್ರಿಗೆ ಹತ್ತು ಸೆಕೆಂಡು ಬೇಕು; ಕಾರ್ಕ್‌ಸ್ಕ್ರೂ ಅಷ್ಟರಲ್ಲಿ ಎಂದೋ ಹಿಂದಾಗಿರುತ್ತದೆ. ವಿಮಾನದ ನಿಧಾನ ರೇಸ್ ಕಾರಿಗೆ ಇಲ್ಲ.

ಕಿವಿಯ ಹಿಂದೆ ವಿದ್ಯುದ್ವಾರ ಅಂಟಿಸಿ, ಸಣ್ಣ ಕರೆಂಟು ಹರಿಸಿ, ನರಕ್ಕೇ ನೇರವಾಗಿ ಸುಳ್ಳು ಹೇಳುವ ಇನ್ನೊಂದು ದಾರಿಯನ್ನು ಜಪಾನಿನ ದೂರಸಂಪರ್ಕ ಕಂಪನಿ ಎನ್‌ಟಿಟಿಯ ಸಂಶೋಧಕರು 2005ರಲ್ಲೇ ತೋರಿಸಿದ್ದಾರೆ. ನಡೆಯುವ ಮನುಷ್ಯನನ್ನು ರಿಮೋಟಿನಿಂದ ಅತ್ತಿತ್ತ ವಾಲಿಸಿದ್ದಾರೆ. ಅಡ್ಡವಾಲಿಕೆಗೆ ಇದು ಚೆನ್ನ. ಆದರೆ ಒಂದು ಆಟಕ್ಕಾಗಿ ನನ್ನ ಕಿವಿಗೆ ತಂತಿ ಹಚ್ಚಲು ನಾನಂತೂ ತಯಾರಿಲ್ಲ.

ನನ್ನ ಪಣ ಸೀಟ್ ಬೆಲ್ಟಿನ ಮೇಲೆ. ಬ್ರೇಕ್ ಒತ್ತಿದಾಗ ಮೋಟಾರು ಬೆಲ್ಟನ್ನು ಬಿಗಿಯುವ ಸಾಧನಗಳು ರೇಸ್ ಸಿಮ್ಯುಲೇಟರ್ ಹುಚ್ಚಿನವರ ಮನೆಗಳಿಗೆ ಆಗಲೇ ಬಂದಿವೆ. ಅವು ಕಿವಿಯ ಗೊಡವೆಗೇ ಹೋಗುವುದಿಲ್ಲ. ನಿಜವಾದ ಕಾರಿನಲ್ಲಿ ಭುಜಕ್ಕೆ ಬೀಳುವ ಒತ್ತಡವನ್ನು ಅದೇ ಹೊತ್ತಿಗೆ, ಅದೇ ಜಾಗಕ್ಕೆ ಕೊಡುತ್ತವೆ.

ಇದನ್ನು ವಿವರಿಸಿದ್ದೇ ತಡ, ಅಣ್ಣನ ಮಗ ಅಜ್ಜಿಯ ಹಳೆಯ ಶಾಲು ತಂದು ನನ್ನ ಎದೆಗೆ ಅಡ್ಡ ಹಾಕಿ, ತುದಿಗಳನ್ನು ಹಿಡಿದು ಕುರ್ಚಿಯ ಹಿಂದೆ ನಿಂತ. ಟಿವಿಯಲ್ಲಿ ಬ್ರೇಕಿನ ಗುರುತು ಏರಿದಾಗಲೆಲ್ಲ ಜಗ್ಗಿದ. ಎರಡು ಸುತ್ತು ನನ್ನ ಕತ್ತು ಸುಮ್ಮನಿತ್ತಂತೆ. ಮೂರನೆಯ ಸುತ್ತಿನಲ್ಲಿ, ಕಾರ್ಕ್‌ಸ್ಕ್ರೂ ಹತ್ತಿರ, ಅಡುಗೆಮನೆಯಿಂದ ಯಾರೋ ಕರೆದರೆಂದು ಅವನು ಶಾಲು ಬಿಟ್ಟುಹೋದ. ಪೆಡಲ್ ಒತ್ತಿದೆ, ಭುಜಕ್ಕೆ ಏನೂ ತಾಗಲಿಲ್ಲ, ಬ್ರೇಕ್ ಹಿಡಿದಿಲ್ಲವೆಂದು ಇನ್ನೂ ಜೋರಾಗಿ ತುಳಿದೆ. ಚಕ್ರಗಳು ಜಾಮ್ ಆಗಿ ಕಾರು ನೆಟ್ಟಗೆ ಮರಳಿಗೆ ಹೋಗಿ ಕೂತಿತು.